ಬಕ್ರೀದ್‌ಗೆ ಮನೇಲೇ ಕುರ್ಬಾನಿ ಅನ್ಕೊಂಡಿದೀರಾ? ಕುರಿ ತರೋಕ್ ಮುಂಚೆ ಇದನ್ನ ನೋಡ್ಬಿಡಿ

ಊರಲ್ಲಿ ಹಿತ್ಲಿತ್ತು, ಬಾವಿ ಇತ್ತು, ತಿಪ್ಪೆ ಇತ್ತು, ನಮಾಜ್ ಮುಗಿಸ್ಕೊಂಡು ಬಂದ್ರೆ ಮಧ್ಯಾಹ್ನದೊಳಗೆ ಎಲ್ಲಾ ಕ್ಲೀನು. ಬೆಂಗಳೂರಿನ ಎರಡನೇ ಮಹಡಿ ಬಾಡಿಗೆ ಮನೇಲಿ ಈ ಮೂರೂ ಇರಲ್ಲ. ಅದಕ್ಕೇ ನಮ್ಮ ಸಂಘದಿಂದ ಊರು ಬಿಟ್ಟು ಇಲ್ಲಿಗೆ ಬಂದ ಹೊಸಬರಿಗೆ ಹೇಳೋದು, ಮೊದ್ಲು ಜಾಗ, ಆಮೇಲೆ ಕಸಾಯಿ, ಕುರಿ ಕೊನೇಗೆ.

ರೋಡು, ಫುಟ್‌ಪಾತು, ಪಾರ್ಕು, ಸ್ಕೂಲು, ಆಸ್ಪತ್ರೆ ಆವರಣ ಇಲ್ಲೆಲ್ಲ ಕಡಿಯೋ ಹಾಗಿಲ್ಲ ಅಂತ ಹಬ್ಬದ ಮುಂಚೆ ಪಾಲಿಕೆ ಆದೇಶ ಬರುತ್ತೆ, ಈಗ ಬಿಬಿಎಂಪಿ ಹೋಗಿ ಐದು ಪಾಲಿಕೆ ಆಗಿರೋದ್ರಿಂದ ನಿಮ್ಮನೆ ಯಾವುದಕ್ಕೆ ಸೇರುತ್ತೆ ತಿಳ್ಕೊಂಡು ಆ ವರ್ಷದ ಆದೇಶದಲ್ಲಿ ಏನಿದೆ ಅಂತ ಕೇಳ್ಕೊಳಿ. ಓನರ್ ಹತ್ರನೂ ಬಾಯ್ಬಿಟ್ಟು ಕೇಳಿ. ಬೇಡ ಅಂದ್ರೆ ಜಗಳ ಬೇಡ, ಕಸಾಯಿಖಾನೇಲಿ ಮಾಡ್ಸಿ. ಹೊರ ರಾಜ್ಯದಿಂದ ಬಂದೋರಿಗೆ ಇನ್ನೊಂದು ಮಾತು, ಇಲ್ಲಿ 2020ರ ಗೋಹತ್ಯೆ ನಿಷೇಧ ಕಾಯ್ದೆ ಪ್ರಕಾರ ಹಸು, ಎತ್ತು, ಹೋರಿ, ಕರು ಮುಟ್ಟಂಗೇ ಇಲ್ಲ, ಎಮ್ಮೆ ಕೋಣ ಆದ್ರೂ 13 ವರ್ಷ ದಾಟಿ ಸರ್ಟಿಫಿಕೇಟ್ ಇರಬೇಕು, ಸಿಕ್ಕಿಬಿದ್ರೆ 3ರಿಂದ 7 ವರ್ಷ ಜೈಲು. ಕುರಿ ಮೇಕೆ ಸಾಕು ಬಿಡಿ.

ಚಾಮರಾಜಪೇಟೆ ಈದ್ಗಾ ಮೈದಾನಕ್ಕೆ ಹೋದ್ರೆ ಬನ್ನೂರು ಕುರಿಯಿಂದ ಹಿಡಿದು ಉದ್ದ ಕಿವಿ ಮೇಕೆವರೆಗೂ ಸಿಗುತ್ತೆ. ಕೊಂಬಿಗೆ ಬಣ್ಣ, ಕೊರಳಿಗೆ ಹಾರ ನೋಡಿ ಮರುಳಾಗ್ಬೇಡಿ, ಕೆಳತುಟಿ ಬಿಡ್ಸಿ ಹಲ್ಲು ನೋಡಿ. ಮುಂದೆ ಎರಡು ದೊಡ್ಡ ಹಲ್ಲು ಬಂದಿದ್ರೆ ವರ್ಷ ತುಂಬಿದೆ ಅಂತ. ನಾಲ್ಕು ಹೆಜ್ಜೆ ನಡೆಸಿನೂ ನೋಡಿ, ಕುಂಟೋದು ಕುರ್ಬಾನಿಗೆ ಆಗಲ್ಲ.

ನಮ್ಮನೇಲಿ ಮೊದಲನೇ ವರ್ಷ "ಹತ್ತಕ್ಕೆ ಬರ್ತೀನಿ ಭಾಯ್" ಅಂದ ಕಸಾಯಿ ಬಂದಿದ್ದು ಮೂರೂವರೆಗೆ. ಅಷ್ಟೊತ್ತಿಗೆ ಮೆಟ್ಟಿಲ ಹತ್ರ ಕಟ್ಟಿದ್ದ ಟಗರು ಕೆಳಗಿನ ಮನೆ ಆಂಟಿಯ ಕರಿಬೇವಿನ ಗಿಡ ಬೋಳು ಮಾಡಿತ್ತು, ಬೆಳಗ್ಗೆಯಿಂದ ನಾವೂ ಏನೂ ತಿಂದಿರ್ಲಿಲ್ಲ. ಹಾಗಾಗಿ ಹದಿನೈದು ದಿನ ಮುಂಚೆನೇ ಹೇಳಿಡಿ, ಕೂಲಿ ದುಡ್ಡಲ್ಲೇ ಕೊಡಿ, ಕೂಲಿ ಬದ್ಲು ಮಾಂಸ ಚರ್ಮ ಕೊಡೋ ಹಾಗಿಲ್ಲ. ಅವತ್ತೇ ಆಗ್ಲಿಲ್ಲ ಅಂದ್ರೂ ಟೆನ್ಷನ್ ಬೇಡ, ಇನ್ನೂ ಎರಡು ದಿನ ಟೈಮಿರುತ್ತೆ. ಹಿಂದಿನ ರಾತ್ರಿಯಿಂದ ಮೇವು ಹಾಕ್ಬೇಡಿ, ನೀರು ಇಡಿ, ಹೊಟ್ಟೆ ಖಾಲಿ ಇದ್ರೆ ಬೋಟಿ ಕ್ಲೀನ್ ಮಾಡೋರು ನಿಮಗೆ ದುವಾ ಮಾಡ್ತಾರೆ.

ನಿಜವಾದ ತಲೆನೋವು ರಕ್ತ, ಕರುಳು. ಈಗ ಹಬ್ಬ ಮಳೆ ಟೈಮಲ್ಲೇ ಬರ್ತಿದೆ, ಮೋರಿಗೆ ಬಿಟ್ರೆ ಇಡೀ ಬೀದಿ ಕೆಂಪು, ಫೋಟೋ ಹೊಡೆದು ವಾಟ್ಸಾಪಲ್ಲಿ ಹಾಕೋಕೆ ಎಷ್ಟೊತ್ತು? ಅಗಲ ಟಬ್ಬಲ್ಲಿ ಹಿಡೀರಿ, ಮರದ ಹೊಟ್ಟು ಕಲಸಿ ಗಟ್ಟಿ ಚೀಲಕ್ಕೆ ತುಂಬಿ ಹಬ್ಬದ ಕಸಕ್ಕೆ ಅಂತ ಬರೋ ಪಾಲಿಕೆ ಗಾಡಿಗೇ ಕೊಡಿ, ದಿನಾ ಬರೋ ಕಸದ ಆಟೋಗೆ ತುರುಕಬೇಡಿ. ಚರ್ಮ ಮದರಸಾಗೆ ಕೊಡೋದಾದ್ರೆ ಸುಲಿದ ತಕ್ಷಣ ಒಳಗಡೆಗೆ ಕಲ್ಲುಪ್ಪು ಉಜ್ಜಿಡಿ, ಇಲ್ಲಾಂದ್ರೆ ಸಂಜೆಗೆ ನಾತ.

ಮಾಂಸ ಬಿಸಿಬಿಸಿಯಾಗಿ ಫ್ರಿಜ್‌ಗೆ ತುಂಬಬೇಡಿ, ಫ್ಯಾನ್ ಕೆಳಗೆ ಹರವಿ ಬಿಸಿ ಆರಿದ್ಮೇಲೆ ಸಣ್ಣ ಸಣ್ಣ ಪೊಟ್ಟಣ ಮಾಡಿ. ಪಕ್ಕದ ಮನೆಗೆ ಕಳ್ಸೋ ಮುಂಚೆ ತಿಂತಾರಾ ಕೇಳಿ. ನಮ್ಮ ಆಂಟಿ ತಿನ್ನಲ್ಲ, ಅವರಿಗೆ ನರ್ಸರಿಯಿಂದ ಹೊಸ ಕರಿಬೇವಿನ ಗಿಡ ತಂದುಕೊಟ್ವಿ.