ಪ್ರೊಪೆಲ್ಲರ್ ಕಳಚಿ ನೀರಿಗೆ ಬಿತ್ತೇ? ಹುಡುಕಿ ತಂದು ಮತ್ತೆ ಕೂರಿಸುವ ಬಗೆ

ಹಾಯಿ ಇಳಿಸಿ, ಇಂಜಿನ್ ಹಾಕಿಕೊಂಡು ಮೆಲ್ಲಗೆ ಧಕ್ಕೆಯ ಕಡೆ ಬರುತ್ತಿದ್ದೀರಿ. ವೇಗ ತಗ್ಗಿಸಲು ರಿವರ್ಸ್ ಗೇರ್ ಹಾಕುತ್ತೀರಿ. ಇಂಜಿನ್ ಹಗುರವಾಗಿ ಓಡುತ್ತದೆ, ದೋಣಿ ಮಾತ್ರ ನಿಲ್ಲುವುದಿಲ್ಲ. ಹಿಂದೆ ನೀರು ಕದಡುವುದೂ ಇಲ್ಲ. ಹಾಯಿದೋಣಿಯ ಪ್ರೊಪೆಲ್ಲರ್ ಕಳಚಿ ಬೀಳುವುದು ಹೆಚ್ಚಾಗಿ ಹೀಗೆಯೇ, ರಿವರ್ಸ್ ಹಾಕಿದ ಗಳಿಗೆಯಲ್ಲಿ.

ಇದಕ್ಕೆ ಕಾರಣವಿದೆ. ಇಂಜಿನ್‌ನಿಂದ ಬಂದು ಪ್ರೊಪೆಲ್ಲರನ್ನು ತಿರುಗಿಸುವ ಲೋಹದ ದಂಡವೇ ಶಾಫ್ಟ್. ಪ್ರೊಪೆಲ್ಲರ್ ಕೂರುವ ಕಡೆ ಅದು ತುದಿಯತ್ತ ಸಣ್ಣದಾಗುತ್ತಾ ಹೋಗುತ್ತದೆ. ಅದನ್ನು ಟೇಪರ್ ಎನ್ನುತ್ತಾರೆ. ದೋಣಿ ಮುಂದೆ ಹೋಗುವಾಗ ಪ್ರೊಪೆಲ್ಲರ್ ಟೇಪರ್ ಮೇಲೆ ತಾನಾಗಿಯೇ ಒತ್ತಿಕೊಳ್ಳುತ್ತದೆ. ಅದರ ಹಿಂದೆ ಬಿಗಿದ ನಟ್ ಬಿದ್ದೇ ಹೋಗಿದ್ದರೂ ನಮಗೆ ಗೊತ್ತಾಗುವುದಿಲ್ಲ. ರಿವರ್ಸ್ ಹಾಕಿದಾಗ ಅದೇ ಬಲ ಪ್ರೊಪೆಲ್ಲರನ್ನು ಹೊರಗೆ ಎಳೆಯುತ್ತದೆ. ನಾವು ರಿವರ್ಸ್ ಹಾಕುವುದು ಎಲ್ಲಿ? ಧಕ್ಕೆಯ ಹತ್ತಿರ, ಇಲ್ಲವೇ ಲಂಗರು ಹಾಕುವ ಜಾಗದಲ್ಲಿ. ಅಂದರೆ ಪ್ರೊಪೆಲ್ಲರ್ ಬಿದ್ದಿರುವುದು ಹೆಚ್ಚಾಗಿ ಕೆಲವೇ ಮೀಟರ್ ಆಳದಲ್ಲಿ. ಹಾಗಾಗಿ ಹೋಯಿತಲ್ಲ ಎಂದು ಕೈಚೆಲ್ಲಬೇಡಿ. ಮೊದಲ ಒಂದು ನಿಮಿಷ ಸರಿಯಾಗಿ ಬಳಸಿಕೊಂಡರೆ ಸಿಗುವ ಸಾಧ್ಯತೆ ಚೆನ್ನಾಗಿಯೇ ಇದೆ.

ತಕ್ಷಣ ಜಾಗ ಗುರುತಿಸಿ

ಜಿಪಿಎಸ್‌ನಲ್ಲಿ ಯಾರಾದರೂ ನೀರಿಗೆ ಬಿದ್ದಾಗ ಒತ್ತುವ ‘ಎಂಓಬಿ’ ಬಟನ್ ಇರುತ್ತದೆ. ಅದನ್ನು ಒತ್ತಿ. ಕೈಗೆ ಸಿಕ್ಕ ಫೆಂಡರ್‌ಗೆ (ಧಕ್ಕೆಗೆ ತಾಗದಂತೆ ದೋಣಿಯ ಪಕ್ಕಕ್ಕೆ ತೂಗುಹಾಕುವ ಗಾಳಿ ತುಂಬಿದ ದಿಂಬು) ಹಗ್ಗ ಕಟ್ಟಿ, ಇನ್ನೊಂದು ತುದಿಗೆ ಭಾರ ಕಟ್ಟಿ ನೀರಿಗೆ ಬಿಡಿ. ಹಗ್ಗ ಆಳಕ್ಕಿಂತ ಸ್ವಲ್ಪವೇ ಜಾಸ್ತಿ ಇರಲಿ. ತೀರಾ ಉದ್ದವಾದರೆ ಫೆಂಡರ್ ಎಲ್ಲೋ ತೇಲುತ್ತಾ ನಿಮ್ಮ ದಾರಿ ತಪ್ಪಿಸುತ್ತದೆ. ಆಮೇಲೆ ಲಂಗರು ಹಾಕಿ. ಅದಕ್ಕೆ ಜಾಗವಿಲ್ಲದಿದ್ದರೆ ಮುಂದಿನ ಹಾಯಿ ಬಿಚ್ಚಿ ದೋಣಿಯನ್ನು ಹಿಡಿತಕ್ಕೆ ತನ್ನಿ.

ದೋಣಿ ನಿಂತ ಮೇಲೆ ದಡದ ಗುರುತು ಹಿಡಿಯಿರಿ. ಒಂದರ ಹಿಂದೆ ಒಂದು ನೇರಕ್ಕೆ ಕಾಣುವ ಎರಡು ವಸ್ತು ಬೇಕು. ಕಾಪುವಿನ ಎದುರಿನ ಕಡಲಲ್ಲಾದರೆ 1901ರ ದೀಪಸ್ತಂಭದ ನೇರಕ್ಕೆ ಹಿಂದೆ ಯಾವ ಮರ ಕಾಣುತ್ತದೆ ನೋಡಿ. ಬೇರೆ ದಿಕ್ಕಿನಲ್ಲಿ ಇಂಥದ್ದೇ ಇನ್ನೊಂದು ಜೋಡಿ ಹುಡುಕಿ, ಎರಡರ ಫೋಟೋ ತೆಗೆಯಿರಿ. ಎರಡು ಗೆರೆ ಕೂಡುವಲ್ಲಿ ನೀವಿದ್ದೀರಿ. ಜಿಪಿಎಸ್ ಬರುವ ಮೊದಲು ಕರಾವಳಿಯ ಮೀನುಗಾರರು ಕಡಲಿನ ಜಾಗಗಳನ್ನು ನೆನಪಿಟ್ಟುಕೊಂಡದ್ದು ಇದೇ ಬಗೆಯಲ್ಲಿ. ಇಂದಿಗೂ ಇದರಷ್ಟು ನಂಬಿಕೆಯ ಉಪಾಯ ಕಡಿಮೆ.

ಬಿದ್ದದ್ದು ಪ್ರೊಪೆಲ್ಲರ್ ಹೌದೇ?

ಒಬ್ಬರು ಜಾಗ ಗುರುತಿಸುತ್ತಿರುವಾಗಲೇ ಇನ್ನೊಬ್ಬರು ಇಂಜಿನ್ ಕೋಣೆಯ ಹಲಗೆ ತೆಗೆದು ನೋಡಬೇಕು. ಗೇರ್ ಹಾಕಿದಾಗ ಶಾಫ್ಟ್ ತಿರುಗದಿದ್ದರೆ ತೊಂದರೆ ಇರುವುದು ಗೇರ್ ಕೇಬಲ್‌ನಲ್ಲಿ, ಗೇರ್ ಬಾಕ್ಸ್‌ನಲ್ಲಿ ಅಥವಾ ಅದನ್ನು ಶಾಫ್ಟಿಗೆ ಜೋಡಿಸುವ ಕಪ್ಲಿಂಗ್‌ನಲ್ಲಿ. ಶಾಫ್ಟ್ ತಿರುಗುತ್ತಿದೆ, ದೋಣಿ ಕದಲುತ್ತಿಲ್ಲ ಎಂದರೆ ಪ್ರೊಪೆಲ್ಲರ್ ಹೋಗಿದೆ. ಭಯಪಡಬೇಕಾದದ್ದು ಶಾಫ್ಟೇ ಹಿಂದಕ್ಕೆ ಜಾರಿದ್ದರೆ. ಪೂರ್ತಿ ಹೊರಗೆ ಹೋದರೆ ಆ ತೂತಿನಿಂದ ನೀರು ನುಗ್ಗುತ್ತದೆ. ಆಗ ಮರದ ಬಿರಡೆ, ಬಟ್ಟೆ, ಏನು ಸಿಕ್ಕರೂ ತುರುಕಿ, ಪಂಪ್ ಹಾಕಿ, ಸಹಾಯ ಕರೆಯಿರಿ. ಪ್ರೊಪೆಲ್ಲರ್ ವಿಷಯ ಆಮೇಲೆ.

ಇಂಜಿನ್ ಇಲ್ಲದೆ ಧಕ್ಕೆ ಸೇರಲು ಚಿಕ್ಕ ದೋಣಿ ಮತ್ತು ಔಟ್‌ಬೋರ್ಡ್ ಮೋಟಾರ್ ಸಾಕು. ಅದನ್ನು ಹಾಯಿದೋಣಿಯ ಹಿಂಭಾಗದ ಪಕ್ಕಕ್ಕೆ ಬಿಗಿಯಾಗಿ ಕಟ್ಟಿ. ಅದರ ಮೋಟಾರ್ ನಿಮ್ಮ ಚುಕ್ಕಾಣಿಗಿಂತ ಹಿಂದೆ ಇರಲಿ. ಹೀಗೆ ಕಟ್ಟಿದರೆ ತಿರುಗಿಸುವುದು ಸುಲಭ, ಮುಂದಿನಿಂದ ಎಳೆಯುವುದಕ್ಕಿಂತ ಹಿಡಿತ ಜಾಸ್ತಿ.

ಹುಡುಕುವುದು

ಅವಸರದಿಂದ ಧುಮುಕಬೇಡಿ. ನೀರು ನಿಂತಂತಿರುವ ಹೊತ್ತಿಗೆ ಕಾಯಿರಿ, ಅಂದರೆ ಇಳಿತ ಮುಗಿದು ಉಬ್ಬರ ಶುರುವಾಗುವ ನಡುವಿನ ಸಮಯ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಸೆಳೆತ ಜಾಸ್ತಿ. ಅಷ್ಟಮಿಯ ಆಸುಪಾಸು ಮೆದು. ಮಳೆಗಾಲದಲ್ಲಿ ಅಳಿವೆಯ ಕೆಂಪು ನೀರಿನಲ್ಲಿ ಹುಡುಕುವ ಸಾಹಸವೇ ಬೇಡ. ಬಂದರಿನೊಳಗಾದರೆ ಬಂದರು ಕಚೇರಿಗೆ ಮೊದಲೇ ಹೇಳಿ. ಬಲೆ ಸುತ್ತಿಕೊಂಡ ಪ್ರೊಪೆಲ್ಲರ್ ಬಿಡಿಸುವ ಮುಳುಗುಗಾರರು ಮೀನುಗಾರಿಕಾ ಬಂದರುಗಳಲ್ಲಿ ಸಿಗುತ್ತಾರೆ. ಕತ್ತಲೆಯ ನೀರಿನಲ್ಲಿ ಕೈಯಿಂದಲೇ ನೋಡಿ ಅಭ್ಯಾಸವಿರುವವರು ಅವರು. ಅವರಿಗೆ ಕೊಡುವ ಹಣ ದಂಡವಲ್ಲ. ನೀವೇ ಇಳಿಯುವುದಾದರೂ ಒಂಟಿಯಾಗಿ ಇಳಿಯಬೇಡಿ. ಇಂಜಿನ್ ಕೀ ತೆಗೆದು ಕೈಯಲ್ಲಿ ಇಟ್ಟುಕೊಳ್ಳಿ. ಮರೀನಾದಲ್ಲಿದ್ದರೆ ದೋಣಿಗೆ ದಡದಿಂದ ಬರುವ ಕರೆಂಟ್ ವೈರ್ ತೆಗೆಸಿ.

ಎಲ್ಲಿಂದ ಶುರು ಮಾಡುವುದು? ಪ್ರೊಪೆಲ್ಲರ್ ಮಾಡುವ ಕಂಚು ನೀರಿಗಿಂತ ಸುಮಾರು ಎಂಟು ಪಟ್ಟು ಭಾರ. ಬಿದ್ದದ್ದು ಬಹುತೇಕ ನೇರ ಕೆಳಕ್ಕೆ ಹೋಗುತ್ತದೆ. ದೋಣಿ ಮಾತ್ರ ಮುಂದೆ ಸಾಗಿರುತ್ತದೆ. 3 ನಾಟ್ ವೇಗವೆಂದರೆ ಸೆಕೆಂಡಿಗೆ ಸುಮಾರು ಒಂದೂವರೆ ಮೀಟರ್. ನೀವು ಬಟನ್ ಒತ್ತುವ ಮೊದಲು 10 ಸೆಕೆಂಡ್ ಕಳೆದಿದ್ದರೆ ಪ್ರೊಪೆಲ್ಲರ್ 15 ಮೀಟರ್ ಹಿಂದೆ ಇದೆ. ಗುರುತಿನಿಂದ ಬಂದ ದಾರಿಯಲ್ಲೇ ಹಿಂದಕ್ಕೆ ಹುಡುಕಿ.

ನೆಲಕ್ಕೆ ಒಂದು ಭಾರ ಇಳಿಸಿ, ಅದಕ್ಕೆ ಹಗ್ಗ ಕಟ್ಟಿ, ಹಗ್ಗದ ತುದಿ ಹಿಡಿದು ಸುತ್ತು ಹಾಕಬೇಕು. ಒಂದು ಸುತ್ತು ಮುಗಿದರೆ ಹಗ್ಗವನ್ನು ಕೈಗೆಟುಕುವಷ್ಟೇ ಉದ್ದ ಬಿಟ್ಟು ಮತ್ತೊಂದು ಸುತ್ತು. ಕಾಲಿನ ಫಿನ್ ಬಡಿದರೆ ಕೆಸರೆದ್ದು ಏನೂ ಕಾಣದು. ಕೈಯಿಂದ ನೆಲ ಸವರುತ್ತಾ ಹೋಗುವುದೇ ಒಳ್ಳೆಯದು. ಮೆದು ಕೆಸರಾದರೆ ಬೆರಳುಗಳನ್ನು ಒಳಗೆ ಇಳಿಸಿ ನೋಡಿ.

ಹಗ್ಗಕ್ಕೆ ದೊಡ್ಡ ಅಯಸ್ಕಾಂತ ಕಟ್ಟಿ ಎಳೆಯುವ ಸಲಹೆ ಯಾರಾದರೂ ಕೊಟ್ಟೇ ಕೊಡುತ್ತಾರೆ. ಕಂಚಿಗೆ ಅಯಸ್ಕಾಂತ ಅಂಟುವುದಿಲ್ಲ, ಸುಮ್ನೆ ಹೊತ್ತು ಹಾಳು. ನೀರೊಳಗೆ ಬಳಸುವ ಮೆಟಲ್ ಡಿಟೆಕ್ಟರ್ ಕಂಚನ್ನು ಹಿಡಿಯುತ್ತದೆ. ಅದು ಸಿಕ್ಕರೆ ಕೆಲಸ ಬೇಗ ಮುಗಿಯುತ್ತದೆ.

ಸಿಕ್ಕಿತೇ? ನಡುವಿನ ತೂತಿನೊಳಗೆ ಹಗ್ಗ ಪೋಣಿಸಿ ಗಂಟು ಹಾಕಿ, ಮೇಲಿದ್ದವರು ಎಳೆದುಕೊಳ್ಳಲಿ. ಕೈಯಲ್ಲಿ ಹಿಡಿದು ಈಜಬೇಡಿ. ನಟ್ ಮತ್ತು ಕೀ (ಶಾಫ್ಟ್ ಮೇಲೆ ಪ್ರೊಪೆಲ್ಲರ್ ಜಾರಿ ತಿರುಗದಂತೆ ತೋಡಿನಲ್ಲಿ ಇಡುವ ಲೋಹದ ಸಣ್ಣ ತುಂಡು) ಹುಡುಕುವ ಆಸೆ ಬಿಡಿ, ಹೊಸದು ಹಾಕುವುದೇ ಲೇಸು.

ಕೂರಿಸುವ ಮೊದಲು

ಸಿಹಿನೀರಲ್ಲಿ ತೊಳೆದು ಬಿಸಿಲಲ್ಲಿ ಪರೀಕ್ಷಿಸಿ. ಅಲ್ಲಲ್ಲಿ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಲೋಹದೊಳಗಿನ ಸತು ಕರಗಿ ಹೋಗಿದೆ ಎಂದರ್ಥ. ತೂಗುಹಾಕಿ ಮರದ ಸುತ್ತಿಗೆಯಿಂದ ತಟ್ಟಿ. ಗಟ್ಟಿ ಪ್ರೊಪೆಲ್ಲರ್ ಗಂಟೆಯ ಹಾಗೆ ಠಣ್ ಎನ್ನುತ್ತದೆ. ಮೊದ್ದು ಸದ್ದು ಬಂದರೆ ಬಳಸಬೇಡಿ. ಶಾಫ್ಟಿನ ತುದಿಯಲ್ಲಿ ನಟ್ ಕೂರುವ ತಿರುಪಿನ ಮರೆ ಸವೆದಿದೆಯೇ, ಜಿಂಕ್ ಉಳಿದಿದೆಯೇ ಎಂದೂ ನೋಡಿ. ಪ್ರೊಪೆಲ್ಲರ್ ಸವೆಯುವ ಬದಲು ತಾನು ಸವೆಯಲೆಂದೇ ಶಾಫ್ಟಿಗೆ ಕಟ್ಟುವ ಲೋಹದ ತುಂಡು ಈ ಜಿಂಕ್. ಅರ್ಧ ಸವೆದಾಗಲೇ ಬದಲಿಸಬೇಕು, ಅದರ ಮೇಲೆ ಬಣ್ಣ ಬಳಿಯಬಾರದು.

ಸರಿಯಾಗಿ ಕೂರಿಸುವುದು

ನಿಜವಾದ ಕೆಲಸ ಇಲ್ಲಿದೆ. ಪ್ರೊಪೆಲ್ಲರ್ ತಿರುಗುವುದು ನಟ್‌ನ ಬಲದಿಂದ ಎಂದು ಬಹಳ ಜನ ತಿಳಿದಿದ್ದಾರೆ. ಹಿಡಿತ ಇರುವುದು ಟೇಪರ್‌ನಲ್ಲಿ. ನಟ್ ಅದನ್ನು ಅಲ್ಲೇ ಉಳಿಸುತ್ತದೆ, ಅಷ್ಟೇ.

ಮೊದಲು ಕೀ ಇಲ್ಲದೆ ಪ್ರೊಪೆಲ್ಲರನ್ನು ಕೊನೆಯವರೆಗೆ ತಳ್ಳಿ, ಅದರ ಮುಂದಿನ ಅಂಚು ಬಂದಲ್ಲಿ ಶಾಫ್ಟ್ ಮೇಲೆ ಗೆರೆ ಎಳೆಯಿರಿ. ತೆಗೆದು, ಕೀ ಇಟ್ಟು ಮತ್ತೆ ತಳ್ಳಿ. ಅದೇ ಗೆರೆಗೆ ಬರಬೇಕು. ಬರದಿದ್ದರೆ ಕೀ ಎತ್ತರವಾಗಿದೆ, ಪ್ರೊಪೆಲ್ಲರ್ ಟೇಪರ್ ಬಿಟ್ಟು ಕೀ ಮೇಲೆ ಕೂತಿದೆ. ಕೀಯ ಮೇಲ್ಭಾಗವನ್ನು ಅರದಿಂದ ಉಜ್ಜಿ ತಗ್ಗಿಸಿ. ಟೇಪರ್‌ನಲ್ಲೇ ಏರುಪೇರು ಇದ್ದರೆ ವಾಲ್ವ್ ಉಜ್ಜುವ ಪೇಸ್ಟ್ ಹಚ್ಚಿ, ಪ್ರೊಪೆಲ್ಲರನ್ನು ಅತ್ತಿತ್ತ ತಿರುಗಿಸಿ ನಯ ಮಾಡಿ, ಪೇಸ್ಟ್ ಪೂರ್ತಿ ಒರೆಸಿ ತೆಗೆಯಿರಿ.

ನಟ್ ಎರಡು ಇದ್ದರೆ ತೆಳುವಾದದ್ದು ಮೊದಲು, ದಪ್ಪದ್ದು ಆಮೇಲೆ. ಎರಡನ್ನೂ ಬಿಗಿದ ಮೇಲೆ ಭಾರ ಬೀಳುವುದು ಹೊರಗಿನ ನಟ್ ಮೇಲೆ. ಕೆಲವು ದೋಣಿಗಳಲ್ಲಿ ಉಲ್ಟಾ ಹಾಕಿರುತ್ತಾರೆ, ನನಗೆ ಅದು ಒಪ್ಪಿಗೆಯಿಲ್ಲ. ಬಿಗಿಯುವಾಗ ರೆಕ್ಕೆ ತಿರುಗದಂತೆ ಮರದ ತುಂಡು ಕೊಡಿ. ಕೊನೆಗೆ ನಟ್ ಬಿಚ್ಚಿಕೊಳ್ಳದಂತೆ ತಡೆಯುವ ಹೊಸ ಸ್ಪ್ಲಿಟ್ ಪಿನ್ ಹಾಕಿ ಎರಡೂ ಕಾಲು ಮಡಚಿ. ಹಳೆಯ ಪಿನ್ ನೇರ ಮಾಡಿ ಹಾಕಬೇಡಿ. ಕೆಲಸ ನೀರೊಳಗೇ ನಡೆಯುವುದಾದರೆ ಪ್ರೊಪೆಲ್ಲರ್, ನಟ್, ಸ್ಪ್ಯಾನರ್ ಎಲ್ಲಕ್ಕೂ ದಾರ ಕಟ್ಟಿಕೊಂಡೇ ಇಳಿಯಿರಿ.

ಆಮೇಲೆ ದೋಣಿಯನ್ನು ಧಕ್ಕೆಗೆ ಗಟ್ಟಿಯಾಗಿ ಕಟ್ಟಿ, ರಿವರ್ಸ್ ಹಾಕಿ ಇಂಜಿನ್ ವೇಗ ಮೆಲ್ಲಗೆ ಏರಿಸಿ. ಕೆಲವು ಗಂಟೆ ಓಡಿಸಿದ ಮೇಲೆ ಮತ್ತೊಮ್ಮೆ ನೀರಿಗಿಳಿದು ನಟ್, ಪಿನ್ ಮುಟ್ಟಿ ನೋಡಿ.