ಟ್ಯಾಂಕ್ ಕ್ಲೀನರ್, ಕೆಂಪು ಕಿವಿಯ ಆಮೆ, ಅಂತರಗಂಗೆ: ಕೆರೆ ಸೇರದಂತೆ ತಡೆಯುವುದು, ಸೇರಿದ್ದನ್ನು ತೆಗೆಯುವುದು

ಬಾಡಿಗೆ ಮನೆ ಬದಲಿಸುವಾಗ, ಗಾಜಿನ ತೊಟ್ಟಿ ಸೋರತೊಡಗಿದಾಗ, ಮಕ್ಕಳ ಹುರುಪು ಇಳಿದಾಗ ಅಕ್ವೇರಿಯಂ ಮೀನು ಬಕೀಟು ಸೇರಿ ಉಣಕಲ್ ಕೆರೆಗೋ ಕೆಲಗೇರಿ ಕೆರೆಗೋ ಗುಡಿಯ ಹೊಂಡಕ್ಕೋ ಹೊರಡುತ್ತದೆ. ಕೊಲ್ಲುವುದಕ್ಕಿಂತ ಬಿಡುವುದು ಪುಣ್ಯ ಎಂಬ ಲೆಕ್ಕ. ಹೀಗೆ ಬಿಟ್ಟ ಬಣ್ಣದ ಮೀನುಗಳಲ್ಲಿ ಬಹಳಷ್ಟು ಬೆಳ್ಳಕ್ಕಿಯ ಬಾಯಿಗೆ ಬೀಳುತ್ತವೆ. ತೊಂದರೆ ಕೊಡುವುದು ಬದುಕಿ ಉಳಿಯುವ ಗಟ್ಟಿ ಜಾತಿಗಳು.

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಭಾಗದ ಕೆರೆಗಳು ಇಂಥವಕ್ಕೆ ಹೇಳಿ ಮಾಡಿಸಿದಂತಿವೆ. ಏಪ್ರಿಲ್-ಮೇ ತಿಂಗಳಲ್ಲಿ ನೀರು ಇಳಿದು ಕೆಸರಾದಾಗ ಊರ ಮೀನುಗಳಲ್ಲಿ ಹೆಚ್ಚಿನವು ಉಸಿರುಗಟ್ಟಿ ಸಾಯುತ್ತವೆ. ತೊಟ್ಟಿಯ ಪಾಚಿ ತಿನ್ನಲೆಂದು ಸಾಕುವ ಟ್ಯಾಂಕ್ ಕ್ಲೀನರ್ ಮೀನು ಮತ್ತು ಆಫ್ರಿಕನ್ ಕ್ಯಾಟ್‌ಫಿಶ್ ಗಾಳಿ ಗುಟುಕರಿಸಿ ಬದುಕಬಲ್ಲವು, ಅವು ಉಳಿಯುತ್ತವೆ. ಮಳೆಗಾಲದಲ್ಲಿ ಕೋಡಿ ಬಿದ್ದರೆ ಅವು ಹಳ್ಳಕ್ಕಿಳಿದು ಒಂದು ಕಡೆ ಬೆಣ್ಣಿಹಳ್ಳದ ಮೂಲಕ ಮಲಪ್ರಭೆಗೆ, ಇನ್ನೊಂದು ಕಡೆ ವರದೆಯ ಮೂಲಕ ತುಂಗಭದ್ರೆಗೆ ದಾರಿ ಕಂಡುಕೊಳ್ಳುತ್ತವೆ. ಆದರೆ ಅವನ್ನು ಹಿಡಿಯಲು ಅನುಕೂಲವಾಗುವುದೂ ಅದೇ ಬೇಸಿಗೆಯೇ. ಕೆರೆಗೆ ಇಳಿದು ಮಾಡುವ ಕೆಲಸಗಳಿಗೆಲ್ಲ ಬೇಸಿಗೆಯೇ ಆಧಾರ.

ಮನೆಯಲ್ಲಿರುವ ಪ್ರಾಣಿಗೆ ದಾರಿ ಹುಡುಕುವುದು

ಮೊದಲು ತಂದ ಅಂಗಡಿಯನ್ನೇ ಕೇಳಿ. ದುಡ್ಡು ಮರಳಿ ಕೊಡದಿದ್ದರೂ ಆರೋಗ್ಯವಾಗಿರುವ ಮೀನನ್ನು ಎಷ್ಟೋ ಅಂಗಡಿಯವರು ಇಟ್ಟುಕೊಳ್ಳುತ್ತಾರೆ. ಆಗದಿದ್ದರೆ ಮೀನು ಸಾಕುವವರ ವಾಟ್ಸಾಪ್ ಗುಂಪು, ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗ. ಕೊಡುವಾಗ ಮೀನಿನ ಈಗಿನ ಅಳತೆಯ ಜೊತೆಗೆ ಮುಂದೆ ಎಷ್ಟು ಬೆಳೆಯುತ್ತದೆ ಎಂಬುದನ್ನೂ ಹೇಳಿಯೇ ಕೊಡಿ. ಎರಡು ಇಂಚಿದ್ದಾಗ ಮಾರುವ ಟ್ಯಾಂಕ್ ಕ್ಲೀನರ್ ಒಂದೂವರೆ ಅಡಿ ಬೆಳೆಯುವ ಮೀನು. ಇದನ್ನು ಹೇಳದೆ ದಾಟಿಸಿದರೆ ಕೆರೆಗೆ ಹೋಗುವುದು ಒಂದು ವರ್ಷ ತಡವಾಗುತ್ತದೆ, ಅಷ್ಟೆ.

ಕೆಂಪು ಕಿವಿಯ ಆಮೆಯನ್ನು ನಾಣ್ಯದಷ್ಟು ಇದ್ದಾಗ ಮಾರುತ್ತಾರೆ. ಹೆಣ್ಣು 25 ಸೆಂಟಿಮೀಟರ್ ದಾಟುತ್ತದೆ, 30 ವರ್ಷ ಬದುಕಬಲ್ಲದು. ಚಿಪ್ಪಿನ ಪ್ರತಿ ಇಂಚಿಗೆ 40 ಲೀಟರ್ ನೀರು ಎಂಬ ಲೆಕ್ಕ ಹಿಡಿದರೆ ಬೆಳೆದ ಆಮೆಗೆ 400 ಲೀಟರ್ ಬೇಕು. ಗಾಜಿನ ತೊಟ್ಟಿ ಇದಕ್ಕೆ ಸಾಲದು. ಹಿತ್ತಲಲ್ಲಿ ಸಿಮೆಂಟಿನ ತೊಟ್ಟಿ ಕಟ್ಟಿಸಿ ಅಥವಾ ಹಳೆಯ ಸಿಂಟೆಕ್ಸ್ ಟ್ಯಾಂಕನ್ನು ಅರ್ಧಕ್ಕೆ ಕೊಯ್ದು ಇಡಿ. ನೀರಿನ ಮಟ್ಟದಿಂದ ಒಂದು ಅಡಿ ಎತ್ತರಕ್ಕೆ ನುಣುಪಾದ ಗೋಡೆ ಇರಲಿ, ಇಲ್ಲದಿದ್ದರೆ ಹತ್ತಿ ಹೊರಟುಬಿಡುತ್ತದೆ. ಪೂರ್ತಿ ಒಣಗಿ ಕೂರಲು ಒಂದು ಕಲ್ಲು, ಅದಕ್ಕೆ ಬೆಳಗಿನ ಬಿಸಿಲು, ಮಧ್ಯಾಹ್ನಕ್ಕೆ ನೆರಳು. ಮುಟ್ಟಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ, ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ರೋಗಾಣು ಇದರಿಂದ ಹರಡುತ್ತದೆ. ಐದು ವರ್ಷದೊಳಗಿನ ಮಕ್ಕಳ ಕೈಗೆ ಕೊಡಲೇಬೇಡಿ. ಒಮ್ಮೆ ಕೂಡಿದ ಹೆಣ್ಣು ಬಹಳ ಕಾಲದ ನಂತರವೂ ಫಲ ಕಟ್ಟಿದ ಮೊಟ್ಟೆ ಇಡಬಲ್ಲದು. ಆದ್ದರಿಂದ ಹಿತ್ತಲ ಮಣ್ಣಲ್ಲಿ ಮೊಟ್ಟೆ ಕಂಡರೆ ಅದೇ ದಿನ ತೆಗೆದು ಫ್ರೀಜರಿಗೆ ಹಾಕಿ.

ನಕ್ಷತ್ರ ಆಮೆಯ ವಿಚಾರವೇ ಬೇರೆ. ಅದನ್ನು ಮನೆಯಲ್ಲಿ ಇಡುವುದೇ ಅಪರಾಧ, ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅದು ರಕ್ಷಿತ ಪ್ರಾಣಿ. ಹೆದರಿ ರಾತ್ರೋರಾತ್ರಿ ಕೆರೆಗೆ ಎಸೆದರೆ ಮುಳುಗಿ ಸಾಯುತ್ತದೆ, ಅದು ನೆಲದ ಆಮೆ. ಅರಣ್ಯ ಸಹಾಯವಾಣಿ 1926ಕ್ಕೆ ಕರೆ ಮಾಡಿ ಒಪ್ಪಿಸಿ.

ಯಾರೂ ತೆಗೆದುಕೊಳ್ಳದ ಮೀನು, ಗುಣವಾಗದ ರೋಗ ಬಂದ ಮೀನು ಇದ್ದರೆ ನೋವಿಲ್ಲದೆ ಮುಗಿಸುವುದೇ ಸರಿ. ಔಷಧಿ ಅಂಗಡಿಯಲ್ಲಿ ಸಿಗುವ ಲವಂಗದ ಎಣ್ಣೆ ಸಾಕು. ಅದೇ ತೊಟ್ಟಿಯ 5 ಲೀಟರ್ ನೀರನ್ನು ಬಕೀಟಿಗೆ ಹಾಕಿ ಮೀನು ಬಿಡಿ. 2 ಮಿಲಿ ಎಣ್ಣೆಯನ್ನು, ಅಂದರೆ ಸುಮಾರು 40 ಹನಿ, ಉಗುರುಬೆಚ್ಚಗಿನ ನೀರಿರುವ ಸಣ್ಣ ಬಾಟಲಿಗೆ ಹಾಕಿ ಹಾಲಿನಂತಾಗುವವರೆಗೆ ಕುಲುಕಿ. ಕಾಲು ಭಾಗ ಸುರಿಯಿರಿ. ಸ್ವಲ್ಪ ಹೊತ್ತಿನಲ್ಲಿ ಮೀನು ಮಗ್ಗುಲಾಗುತ್ತದೆ, ಆಗ ಉಳಿದದ್ದನ್ನು ಸುರಿಯಿರಿ. ಕಿವಿರಿನ ಮುಚ್ಚಳ ಆಡುವುದು ನಿಂತ ಮೇಲೂ ಅರ್ಧ ತಾಸು ಹಾಗೇ ಬಿಡಿ. ಬಹಳ ಜನ ತಪ್ಪುವುದು ಕುಲುಕುವಲ್ಲಿ. ಎಣ್ಣೆಯನ್ನು ನೇರವಾಗಿ ಸುರಿದರೆ ಮೇಲೆ ತೇಲುತ್ತದೆ, ಮೀನು ಸುಮ್ಮನೆ ಒದ್ದಾಡುತ್ತದೆ. ಟ್ಯಾಂಕ್ ಕ್ಲೀನರ್ ಗಾಳಿ ನುಂಗುವ ಮೀನಾದ್ದರಿಂದ ಎಚ್ಚರ ತಪ್ಪಿದ ಮೇಲೆ ತಲೆಯ ಹಿಂದೆ ಚೂಪಾದ ಚಾಕುವಿನಿಂದ ಕತ್ತರಿಸಿಯೇ ಖಚಿತ ಮಾಡಿಕೊಳ್ಳಿ. ಆಮೆಗೆ ಈ ಯಾವುದನ್ನೂ ಮಾಡಬಾರದು, ಅದು ಪಶುವೈದ್ಯರ ಸೂಜಿಯ ಕೆಲಸ.

ತೊಟ್ಟಿಯ ನೀರೂ ಕೆರೆಗೆ ಬೇಡ

ಮೀನನ್ನು ಕೊಟ್ಟು ಬಂದು ನೀರನ್ನು ಗಟಾರಕ್ಕೆ ಚೆಲ್ಲುವವರಿದ್ದಾರೆ. ಗಟಾರ ನಾಲೆಗೆ, ನಾಲೆ ಕೆರೆಗೆ. ಆ ನೀರಿನಲ್ಲಿ ಬಸವನಹುಳದ ಮೊಟ್ಟೆ, ಗಿಡದ ತುಣುಕು, ರೋಗ ಎಲ್ಲವೂ ಇರುತ್ತವೆ. ತೆಂಗಿನ ಬುಡಕ್ಕೋ ಕುಂಡಕ್ಕೋ ಹಾಕಿ, ಗೊಬ್ಬರವೂ ಆಯಿತು. ಗಿಡಗಳನ್ನು ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ವಾರ ಕಾಲ ಬಿಸಿಲಿಗಿಟ್ಟು ಆಮೇಲೆ ತಿಪ್ಪೆಗೆ ಹಾಕಿ. ಬಲೆ, ಪೈಪು, ಹರಳುಕಲ್ಲನ್ನು 10 ಲೀಟರ್ ನೀರಿಗೆ 15 ಗ್ರಾಂ ಬ್ಲೀಚಿಂಗ್ ಪುಡಿ ಕದಡಿ ಒಂದು ತಾಸು ನೆನೆಸಿಡಿ. ಪುಡಿ ಹಳತಾಗಿ ಘಾಟು ಇಳಿದಿದ್ದರೆ ಕೆಲಸ ಮಾಡದು. ಬಳಸಿದ ಬ್ಲೀಚಿಂಗ್ ನೀರನ್ನು ಎರಡು ದಿನ ಬಿಸಿಲಿನಲ್ಲಿ ತೆರೆದಿಟ್ಟು ಚೆಲ್ಲಿ.

ತಾರಸಿಯ ಟಬ್ಬಿಗೆಂದು ನರ್ಸರಿಗಳಲ್ಲಿ ಅಂತರಗಂಗೆ ಮಾರುವುದುಂಟು. ನೇರಳೆ ಹೂವು ಚೆಂದ ಕಾಣುತ್ತದೆ ನಿಜ. ತರಬೇಡಿ. ಸೊಳ್ಳೆಗೆಂದು ಗಪ್ಪಿ, ಗ್ಯಾಂಬೂಸಿಯಾ ಮೀನು ಬಿಡುವುದಾದರೆ ಮನೆಯ ತೊಟ್ಟಿ, ಹೊರಹರಿವಿಲ್ಲದ ಟಾಕಿಗಳಿಗೆ ಮಾತ್ರ. 1928ರಲ್ಲಿ ದೇಶಕ್ಕೆ ಬಂದ ಗ್ಯಾಂಬೂಸಿಯಾ ಸೊಳ್ಳೆಮರಿಯ ಜೊತೆ ಕಪ್ಪೆಮರಿ, ಊರ ಮೀನಿನ ಮೊಟ್ಟೆ ಎಲ್ಲವನ್ನೂ ತಿನ್ನುತ್ತದೆ. ಕೆರೆಯಲ್ಲಿ ಆ ಕೆಲಸಕ್ಕೆ ನೆತ್ತಿಯ ಮೇಲೆ ಬೆಳ್ಳಿಚುಕ್ಕಿ ಹೊತ್ತು ನೀರ ಮೇಲ್ಭಾಗದಲ್ಲೇ ಓಡಾಡುವ ನಮ್ಮದೇ ಸಣ್ಣ ಮೀನಿದೆ.

ಕಂಡದ್ದು ಯಾವುದೆಂದು ಗುರುತಿಸುವುದು

ಆಮೆ ನೋಡಲು ಬೆಳಿಗ್ಗೆ 9ರಿಂದ 11ರ ನಡುವೆ ದಂಡೆಯ ಕಲ್ಲು, ಬಿದ್ದ ಮರ ಗಮನಿಸಿ. ಹಸಿರು ಮೈ ಮೇಲೆ ಹಳದಿ ಗೆರೆ, ಕಣ್ಣಿನ ಹಿಂದೆ ಕೆಂಪು ಪಟ್ಟಿ ಇದ್ದರೆ ಹೊರಗಿನದು. ಮುದಿ ಗಂಡುಗಳಲ್ಲಿ ಆ ಕೆಂಪು ಮಾಸಿ ಮೈಯೆಲ್ಲ ಕಪ್ಪಾಗುತ್ತದೆ, ಬರೀ ಬಣ್ಣ ನಂಬಿದರೆ ಮೋಸ ಹೋಗುತ್ತೀರಿ. ಚಿಪ್ಪು ಚರ್ಮದಂತೆ ಮೆತ್ತಗಿದ್ದು ಮೂಗು ಕೊಳವೆಯಂತೆ ಚಾಚಿದ್ದರೆ ಅದು ನಮ್ಮ ಮೆದುಚಿಪ್ಪಿನ ಆಮೆ. ಬೆನ್ನಿನ ಉದ್ದಕ್ಕೂ ಮೂರು ಏಣು ಇದ್ದರೆ ನಮ್ಮ ಕರಿ ಆಮೆ. ಇವನ್ನು ಹಿಡಿದರೆ ಕೇಸು ನಿಮ್ಮ ಮೇಲೆ. ಹೊರಗಿನ ಆಮೆ ಇವುಗಳ ಬಿಸಿಲು ಕಾಯುವ ಜಾಗವನ್ನೇ ಮೊದಲು ಕಸಿಯುತ್ತದೆ. ನೀವು ಮಾಡಬೇಕಾದ್ದು ತಲೆ, ಬೆನ್ನು, ಹೊಟ್ಟೆ ಕಾಣುವಂತೆ ಫೋಟೋ ತೆಗೆದು ಜಾಗದ ಗುರುತಿನ ಸಮೇತ ಅರಣ್ಯ ಇಲಾಖೆಗೆ ತಿಳಿಸುವುದು. ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಎಂಬ ಜಾಲತಾಣಕ್ಕೂ ಏರಿಸಿ, ಅಲ್ಲಿ ಗೊತ್ತಿದ್ದವರು ಜಾತಿ ಖಚಿತಪಡಿಸುತ್ತಾರೆ.

ಕ್ಯಾಟ್‌ಫಿಶ್‌ನಲ್ಲಿ ಗೊಂದಲ ಜಾಸ್ತಿ. ಊರ ಮುರುಗೋಡು ಮೀನನ್ನು ಆಫ್ರಿಕನ್ ಎಂದು ಬಡಿಯುವುದೂ ಇದೆ. ಒದ್ದೆ ಬಟ್ಟೆಯಿಂದ ತಲೆಯನ್ನು ಒರೆಸಿ, ತಲೆಬುರುಡೆಯ ಹಿಂದಿನ ಅಂಚನ್ನು ಬೆರಳಿನಿಂದ ತಡವಿ. ಒಂದೇ ಮೊನೆಯಾಗಿ ಇಂಗ್ಲಿಷಿನ ‘ವಿ’ ಅಕ್ಷರದಂತಿದ್ದರೆ ನಮ್ಮದು, ‘ಡಬ್ಲ್ಯು’ ಅಕ್ಷರದಂತೆ ಅಂಕುಡೊಂಕಾಗಿದ್ದರೆ ಆಫ್ರಿಕನ್. ಎರಡಡಿ ಮೀರಿದ್ದರೆ ತಡವುವುದೂ ಬೇಡ, ಅದು ಆಫ್ರಿಕನ್ನೇ. ಇದರ ಸಾಕಣೆಯನ್ನು ಕೇಂದ್ರ ಸರ್ಕಾರ 2000ರಲ್ಲೇ ನಿಷೇಧಿಸಿದೆ. ಇನ್ನು ಜಿಲೇಬಿ ಮೀನು, ಅಂದರೆ ತಿಲಾಪಿಯಾ, 1952ರಲ್ಲೇ ದೇಶಕ್ಕೆ ಬಂದು ಕೆರೆಗಳಲ್ಲಿ ಬೇರೂರಿದೆ. ಅದನ್ನು ಹಿಡಿದು ತಿನ್ನುವುದಕ್ಕಿಂತ ಉತ್ತಮ ಉಪಾಯ ಯಾರ ಬಳಿಯೂ ಇಲ್ಲ.

ಬೇಸಿಗೆಯ ಬಲೆ

ಟ್ಯಾಂಕ್ ಕ್ಲೀನರ್ ಇದೆಯೋ ಇಲ್ಲವೋ ತಿಳಿಯಲು ಬಲೆ ಬೀಸಬೇಕಿಲ್ಲ. ಏಪ್ರಿಲ್‌ನಲ್ಲಿ ನೀರು ಇಳಿದಾಗ ದಂಡೆಯ ಮಣ್ಣಿನ ಗೋಡೆ ನೋಡಿ. ಗೇಣಗಲದ ಬಿಲಗಳು ಗುಂಪುಗುಂಪಾಗಿ ಕಂಡರೆ ಗಂಡುಮೀನು ಮೊಟ್ಟೆಗೆಂದು ಕೊರೆದವು ಇರಬಹುದು. ಒಂದೊಂದು ಮೂರಡಿ ಆಳಕ್ಕೂ ಹೋಗಿರುತ್ತದೆ. ಇವು ಕೆರೆಯ ಒಡ್ಡಿನಲ್ಲೇ ಇದ್ದರೆ ತುಂಬಿದ ನೀರಿಗೆ ಒಡ್ಡು ಸಡಿಲಾಗುತ್ತದೆ. ಕೈ ತೂರಿಸಬೇಡಿ, ಏಡಿ ಅಥವಾ ಹಾವು ಇರಬಹುದು. ಕೋಲಿನಿಂದ ಕೆದಕಿ, ಹಳದಿ ಮೊಟ್ಟೆಯ ಮುದ್ದೆ ಸಿಕ್ಕರೆ ತೆಗೆದು ದೂರ ಹೂಳಿ. ಬಿಲಕ್ಕೆ ಜಿಗಟು ಮಣ್ಣನ್ನು ತುಂಬಿ, ಪದರ ಪದರವಾಗಿ ದಿಮ್ಮಿಸಿ. ಜೂನ್ ಮಳೆಗೆ ಮೊದಲು ಈ ಕೆಲಸ ಮುಗಿಯಬೇಕು.

ಹಿಡಿಯುವ ಮುನ್ನ ಕೆರೆ ಯಾರದೆಂದು ಕೇಳಿಕೊಳ್ಳಿ: ಪಂಚಾಯ್ತಿ, ಪಾಲಿಕೆ, ಸಣ್ಣ ನೀರಾವರಿ ಇಲಾಖೆ ಯಾವುದೂ ಆಗಿರಬಹುದು, ಮೀನಿನ ಗುತ್ತಿಗೆ ಬೇರೆಯವರದ್ದಿರಬಹುದು. ಗುತ್ತಿಗೆದಾರರು ಸಾಮಾನ್ಯವಾಗಿ ಖುಷಿಯಿಂದಲೇ ಒಪ್ಪುತ್ತಾರೆ, ಬಲೆ ಹರಿದು ನಷ್ಟವಾಗುತ್ತಿರುವುದು ಅವರಿಗೇ. ತೆಳು ದಾರದ ಬಲೆ ಈ ಮೀನಿನ ಮುಳ್ಳಿಗೆ ಸಿಕ್ಕಿ ಚಿಂದಿಯಾಗುತ್ತದೆ. ದಪ್ಪ ನೂಲಿನ ಎಳೆಬಲೆಯನ್ನು ಉಳಿದ ಗುಂಡಿಯ ನೀರಿನಲ್ಲಿ ಎರಡು ಬದಿಯಿಂದ ಎಳೆಯಿರಿ. ಹಿಡಿದ ಮೀನನ್ನು ಗೋಣಿಚೀಲದಿಂದ ಸುತ್ತಿ ತಲೆಯ ಕಡೆಯಿಂದ ಹಿಡಿಯಿರಿ, ಎದೆಯ ರೆಕ್ಕೆಯ ಮುಳ್ಳು ನೆಟ್ಟಗೆ ನಿಂತು ಅಂಗೈ ಸೀಳುತ್ತದೆ. ದಂಡೆಯಲ್ಲಿ ಎಸೆದು ಬಂದರೆ ಸತ್ತಿತೆಂದು ಭಾವಿಸಬೇಡಿ, ನೀರಿಲ್ಲದೆ ತಾಸುಗಟ್ಟಲೆ ಬದುಕುತ್ತದೆ. ತಲೆಗೆ ಒಂದೇ ಗಟ್ಟಿ ಪೆಟ್ಟು ಕೊಟ್ಟು ಕತ್ತರಿಸಿ. ಊರ ಮೀನುಗಳನ್ನು ತಕ್ಷಣ ನೀರಿಗೆ ಬಿಡಿ.

ಅಂತರಗಂಗೆ ಕೀಳುವುದು

ಈ ಹೆಸರಿನಲ್ಲಿ ನಾವು ಎರಡು ಗಿಡಗಳನ್ನು ಕರೆಯುತ್ತೇವೆ. ಎಲೆಕೋಸಿನ ಹೂವಿನಂತೆ ನೀರ ಮೇಲೆ ಚಪ್ಪಟೆ ಕೂರುವುದು ಒಂದು. ಉಬ್ಬಿದ ದಂಟು, ನೇರಳೆ ಹೂವಿನದು ಇನ್ನೊಂದು, ದಕ್ಷಿಣ ಅಮೆರಿಕದ್ದು, ಇಲ್ಲಿ ಹೇಳುತ್ತಿರುವುದು ಅದನ್ನೇ. ಕೊಳಚೆ ನೀರು ಸಿಕ್ಕರೆ ಎರಡು ವಾರದಲ್ಲಿ ದುಪ್ಪಟ್ಟಾಗುತ್ತದೆ. ನಾಲೆಯ ಕೊಳಚೆ ನಿಲ್ಲಿಸದೆ ಬರೀ ಗಿಡ ಕಿತ್ತರೆ ಪ್ರತಿ ವರ್ಷ ಅದೇ ಖರ್ಚು, ಅದೇ ಫೋಟೋ.

ದಟ್ಟವಾಗಿ ಬೆಳೆದಲ್ಲಿ ಒಂದು ಚದರ ಮೀಟರಿಗೆ 20ರಿಂದ 40 ಕಿಲೋ ಹಸಿ ಗಿಡ ಬರುತ್ತದೆ. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ತುಂಡು ಎಂದರೆ 2ರಿಂದ 4 ಟನ್, ಟ್ರ್ಯಾಕ್ಟರ್ ಟ್ರೇಲಿ ತುಂಬಾ. ಈ ಲೆಕ್ಕ ಹಾಕದೆ ಭಾನುವಾರ ಐವತ್ತು ಜನ ಸೇರಿದರೆ ಮಧ್ಯಾಹ್ನದ ಹೊತ್ತಿಗೆ ದಂಡೆಯಲ್ಲಿ ಗುಡ್ಡ, ಸಂಜೆಗೆ ಎಲ್ಲರೂ ಮನೆಗೆ. ಆ ಗುಡ್ಡ ಕುಸಿದು ಹಸಿ ಮಣ್ಣಲ್ಲಿ ಮತ್ತೆ ಬೇರು ಬಿಡುತ್ತದೆ. ಸಾಗಿಸುವ ಗಾಡಿ ಗೊತ್ತಾದ ಮೇಲೆಯೇ ನೀರಿಗೆ ಇಳಿಯಿರಿ. ಗಾಳಿ ಗಿಡಗಳನ್ನು ಯಾವ ದಂಡೆಗೆ ಒತ್ತಿದೆಯೋ ಅಲ್ಲಿಂದ ಶುರು ಮಾಡಿ. ಬಿದಿರಿನ ಗಳಗಳನ್ನು ಹಗ್ಗದಿಂದ ಜೋಡಿಸಿ ತೇಲುವ ಬೇಲಿ ಮಾಡಿ, ಸ್ವಚ್ಛವಾದ ಭಾಗಕ್ಕೆ ಮತ್ತೆ ತೇಲಿ ಬಾರದಂತೆ ತಡೆಯಿರಿ. ಕೊಕ್ಕೆಯಿಂದ ಇಡೀ ಗಿಡವನ್ನು ಬೇರು ಸಮೇತ ಎಳೆಯಬೇಕು. ಕತ್ತರಿಸಿ ನೀರಲ್ಲೇ ಬಿಟ್ಟರೆ ಬಳ್ಳಿಗೆ ಅಂಟಿದ ಮರಿಗಿಡಗಳು ಬದುಕಿಕೊಳ್ಳುತ್ತವೆ. ಗಂಬೂಟು, ಕೈಗವಸು ಹಾಕಿ, ಎದೆ ಮಟ್ಟದ ನೀರಿಗೆ ಹಗ್ಗ ಕಟ್ಟದೆ ಇಳಿಯಬೇಡಿ, ಕಾಲಲ್ಲಿ ಗಾಯವಿದ್ದರೆ ಇಳಿಯಲೇಬೇಡಿ. ಇಲಿಜ್ವರ ಬರುವುದು ಇಂಥ ನೀರಿನಿಂದ.

ಕಳೆನಾಶಕ ಹೊಡೆದರೆ ಸುಲಭ ಎಂದು ಹೇಳುವವರು ಸಿಗುತ್ತಾರೆ. ಗಿಡ ಸತ್ತು ಅಲ್ಲೇ ಕೊಳೆತರೆ ನೀರಿನ ಆಮ್ಲಜನಕ ಇಳಿದು ಮೀನು ತೇಲುತ್ತದೆ, ಅದೇ ನೀರನ್ನು ಎಮ್ಮೆ ಕುಡಿಯುತ್ತದೆ. ಎಲೆಯ ಮೇಲೆ ಸಣ್ಣ ದುಂಡು ಕಚ್ಚುಗಳಿದ್ದರೆ ಈ ಗಿಡವನ್ನು ತಿನ್ನುವ ನಿಯೋಕೆಟಿನಾ ಮೂತಿಹುಳು ಕೆಲಸ ಮಾಡುತ್ತಿದೆ ಎಂದರ್ಥ. 1980ರ ದಶಕದ ಆರಂಭದಲ್ಲಿ ಇದನ್ನು ಬೆಂಗಳೂರಿಗೆ ತಂದು ಕೆರೆಗಳಿಗೆ ಬಿಡಲಾಯಿತು. ಅಂಥಲ್ಲಿ ಹತ್ತನೇ ಒಂದು ಭಾಗ ಗಿಡವನ್ನು ಹುಳಕ್ಕೆಂದು ಉಳಿಸಿ. ಪ್ರತಿ ಬೇಸಿಗೆ ಪೂರ್ತಿ ಒಣಗುವ ಕೆರೆಯಲ್ಲಿ ಮಾತ್ರ ಹುಳವನ್ನು ನೆಚ್ಚಬೇಡಿ, ಗಿಡದ ಜೊತೆ ಅದೂ ಹೋಗುತ್ತದೆ.

ಹಂಗಾಮು ನೋಡಿಯೇ ಕೈ ಹಚ್ಚಿ. ಮಳೆಗಾಲದಲ್ಲಿ ದೇವನಕ್ಕಿ, ಜಂಬುಕೋಳಿ ಈ ಗಿಡಗಳ ಮೇಲೆಯೇ ಗೂಡು ಮಾಡುತ್ತವೆ. 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್‌ಸಾರ್ ಪಟ್ಟಿ ಸೇರಿದ ಗದಗ ಜಿಲ್ಲೆಯ ಮಾಗಡಿ ಕೆರೆಯಂಥ ಕಡೆ ನವೆಂಬರಿನಿಂದ ಫೆಬ್ರುವರಿವರೆಗೆ ಪಟ್ಟೆತಲೆ ಹೆಬ್ಬಾತುಗಳು ಇರುತ್ತವೆ, ಆಗ ಗದ್ದಲ ಕೂಡದು. ಹಾಗಾಗಿ ಉಳಿಯುವುದು ಮಾರ್ಚ್‌ನಿಂದ ಮೇ. ತಾವರೆ, ನೈದಿಲೆ, ಜೊಂಡನ್ನು ಕೀಳಬೇಡಿ.

ಕಿತ್ತದ್ದನ್ನು ನೀರಂಚಿನಿಂದ ಕನಿಷ್ಠ ನೂರಡಿ ಆಚೆ ಮೂರು-ನಾಲ್ಕು ದಿನ ಒಣಗಿಸಿ, ಎರಡಿಂಚಿನ ತುಂಡು ಮಾಡಿ, ಅರ್ಧ ಅಡಿಗೊಂದು ಪದರದಂತೆ ಸೆಗಣಿ ನೀರು ಚಿಮುಕಿಸುತ್ತ ಪೇರಿಸಿ. ಹಿಡಿದ ಟ್ಯಾಂಕ್ ಕ್ಲೀನರ್ ಮೀನುಗಳನ್ನೂ ರಾಶಿಯ ನಡುವೆ ಆಳಕ್ಕೆ ಹಾಕಿ, ಮೇಲಿದ್ದರೆ ನಾಯಿ ಎಳೆಯುತ್ತವೆ. ಹದಿನೈದು ದಿನಕ್ಕೊಮ್ಮೆ ಮಗುಚಿದರೆ ಮೂರು ತಿಂಗಳಿಗೆ ಗೊಬ್ಬರ. ಊರ ಕೊಳಚೆ ಸೇರುವ ಕೆರೆಯ ಗಿಡ ಭಾರಲೋಹ ಹೀರಿರುತ್ತದೆ, ಆ ಗೊಬ್ಬರ ರಸ್ತೆ ಬದಿಯ ಮರಗಳಿಗೆ ಸರಿ, ಕಾಯಿಪಲ್ಲೆಗೆ ಬೇಡ.

ಕೆಸರಿನಲ್ಲಿ ಬಿದ್ದ ಬೀಜ 15 ವರ್ಷಕ್ಕೂ ಮೀರಿ ಜೀವ ಹಿಡಿದಿರುತ್ತದೆ, ಬೇಸಿಗೆಯಲ್ಲಿ ತೆರೆದುಕೊಂಡ ಹಸಿ ಕೆಸರಿನಲ್ಲೇ ಮೊಳೆಯುತ್ತದೆ. ಮೊದಲ ಮಳೆ ಬಿದ್ದ ಮೇಲೆ ಮೂರು ತಿಂಗಳು, ಹದಿನೈದು ದಿನಕ್ಕೊಮ್ಮೆ ನೀರಂಚಿನಲ್ಲಿ ಒಂದು ಸುತ್ತು ಹಾಕಿ. ಸಸಿಗೆ ಉಬ್ಬಿದ ದಂಟು ಇರುವುದಿಲ್ಲ. ಹುಲ್ಲಿನ ಎಸಳಿನಂಥ ಪಟ್ಟಿ ಎಲೆ ನಾಲ್ಕಾರು, ಅಷ್ಟೆ. ಎರಡು ಬೆರಳಿಗೆ ಬರುತ್ತದೆ.