ಮನೆ ಹಿಂದಿನ ಕೊಟ್ಟಿಗೆಯಲ್ಲಿ ಸುಡುಮದ್ದು ಇಡಬಹುದಾ? ಅಮೆರಿಕದಲ್ಲಿರುವ ನಮ್ಮೂರಿನವರಿಗೆ

ಕುಂಬಳೆ ಬೆಡಿ, ಅಂದರೆ ನಮ್ಮ ಕುಂಬಳೆ ಜಾತ್ರೆಯ ಸುಡುಮದ್ದು, ನೋಡಿ ಬೆಳೆದವರಿಗೆ ಬೇರೆ ಯಾವ ಊರಿನ ಪಟಾಕಿಯೂ ಸಪ್ಪೆ. ಅದೇ ಕಾರಣಕ್ಕೆ ಕಾಸರಗೋಡಿನ ನಾಲ್ಕು ಮನೆಯವರು ಅಮೆರಿಕದ ಯಾವ ಮೂಲೆಯಲ್ಲಿ ಸೇರಿದರೂ ಮಾತು ಕೊನೆಗೆ ಬೆಡಿಗೇ ಬಂದು ನಿಲ್ಲುತ್ತದೆ.

ಅಕ್ಕನ ಮಗ ಕಳೆದ ತಿಂಗಳು ಪೆನ್ಸಿಲ್ವೇನಿಯಾದಿಂದ ಫೋನ್ ಮಾಡಿದ. ಪೇಟೆಯ ಹೊರಗೆ ಮೂರು ಎಕರೆ ಜಾಗ ತಗೊಂಡಿದ್ದಾನೆ. ಹಳೇ ಮನೆ, ಹಿಂದೆ ಮರದ ದೊಡ್ಡ ಕೊಟ್ಟಿಗೆ. "ಮಾವ, ಈ ಸಲ ದೀಪಾವಳಿಗೆ ಎಲ್ಲರೂ ನಮ್ಮಲ್ಲಿಗೇ ಬರ್ತಾರೆ. ಮೇಲೆ ಹೋಗಿ ಒಡೆಯುವ ದೊಡ್ಡ ಶೆಲ್ ತರಿಸಿ ಒಂದು ವಾರ ಕೊಟ್ಟಿಗೆಯಲ್ಲಿ ಇಡುವ ಅಂತ. ಮನೆಯಿಂದ ಎಷ್ಟು ದೂರ ಇದ್ರೆ ಸಾಕು?"

ನನ್ನನ್ನೇ ಕೇಳಿದ್ದಕ್ಕೆ ಕಾರಣ ಇದೆ. ನಾನು ಹದಿನೆಂಟು ವರ್ಷ ಅಲ್ಲೇ ಇದ್ದವನು. ಗ್ರೀನ್ ಕಾರ್ಡ್ ಬಂದ ಮೇಲೆ ಬೇಸಿಗೆಯ ಶನಿವಾರ, ಭಾನುವಾರ ಪಟಾಕಿ ಪ್ರದರ್ಶನದ ಒಂದು ತಂಡದ ಜೊತೆ ಶೆಲ್ ಹಾರಿಸುವ ಕೊಳವೆ ಹೊತ್ತಿದ್ದೇನೆ, ಮರಳು ತುಂಬಿದ್ದೇನೆ. ಈಗ ಕುಂಬಳೆಗೆ ವಾಪಸ್ ಬಂದು ಅಡಿಕೆ ಒಣಗಿಸಿಕೊಂಡಿದ್ದೇನೆ.

ಅವನು ಕೇಳಿದ್ದು ದೂರ. ನಾನು ತಿರುಗಿ ಕೇಳಿದ್ದು ವೀಸಾ.

"ಎಚ್-1ಬಿ. ಅದಕ್ಕೂ ಇದಕ್ಕೂ ಎಂತ ಸಂಬಂಧ?"

ಸಂಬಂಧ ಇದೆ, ಅದೂ ದೊಡ್ಡದು. ನಮ್ಮವರಲ್ಲಿ ಹೆಚ್ಚಿನವರಿಗೆ ಇದು ಗೊತ್ತೇ ಇಲ್ಲ. ಪ್ರದರ್ಶನದ ಸುಡುಮದ್ದನ್ನು ಅಮೆರಿಕದ ಕೇಂದ್ರ ಕಾನೂನು ಸ್ಫೋಟಕ ಎಂದೇ ಲೆಕ್ಕ ಹಾಕುತ್ತದೆ. ಅಲ್ಲಿನ ಪೌರರಲ್ಲದವರು, ಗ್ರೀನ್ ಕಾರ್ಡೂ ಇಲ್ಲದವರು ಸ್ಫೋಟಕವನ್ನು ತಮ್ಮ ವಶದಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ತೀರಾ ಕೆಲವರಿಗೆ ಮಾತ್ರ ವಿನಾಯಿತಿ. ಕೆಲಸದ ವೀಸಾದವರು, ಓದಲು ಹೋದ ಮಕ್ಕಳು ಆ ಪಟ್ಟಿಯಲ್ಲಿ ಇಲ್ಲ. ಇದು 2002ರ ಕಾನೂನಿನಿಂದ ಬಂದದ್ದು. ವಶ ಅಂದರೆ ಬೀಗದ ಕೀ ಕೈಯಲ್ಲಿರಬೇಕು ಅಂತಲೂ ಇಲ್ಲ. ಸುಮ್ನೆ ಸಹಾಯಕ್ಕೆ ಅಂತ ಹೋಗಿ ಶೆಲ್ ಎತ್ತಿ ಕೊಳವೆಗೆ ಇಳಿಸಿದರೂ ಅದು ವಶವೇ. ಇಂಥ ಕೇಸಿನಲ್ಲಿ ಸಿಕ್ಕಿಬಿದ್ದರೆ ದಂಡ ಕಟ್ಟಿ ಬರುವ ಮಾತಲ್ಲ, ವೀಸಾಕ್ಕೇ ಕುತ್ತು.

ಹಾಗಾದರೆ ಎಲ್ಲ ಪಟಾಕಿಗೂ ಹೀಗೆಯಾ? ಅಲ್ಲ. ಅಲ್ಲಿ ಎರಡು ಜಾತಿ. ಜುಲೈ 4ರ ಅಮೆರಿಕದ ಸ್ವಾತಂತ್ರ್ಯ ದಿನದ ಹೊತ್ತಿಗೆ ರಸ್ತೆ ಬದಿಯ ಟೆಂಟಿನಲ್ಲಿ ಮಾರುವುದು ಜನಸಾಮಾನ್ಯರ ಪಟಾಕಿ. ಅದರ ದಾಸ್ತಾನಿನ ವಿಷಯಕ್ಕೆ ಬಂದೂಕು, ಸ್ಫೋಟಕ ನೋಡಿಕೊಳ್ಳುವ ಕೇಂದ್ರದ ಎಟಿಎಫ್ ಇಲಾಖೆ ಬರುವುದಿಲ್ಲ. ರಾಜ್ಯ, ಕೌಂಟಿ, ಊರಿನ ಅಗ್ನಿಶಾಮಕ ನಿಯಮ ನೋಡಬೇಕು. ಮ್ಯಾಸಚೂಸೆಟ್ಸ್‌ನಂಥ ಕಡೆ ಅದನ್ನೂ ಖಾಸಗಿಯವರು ಮುಟ್ಟುವಂತಿಲ್ಲ. ಎರಡನೆಯದು ಪ್ರದರ್ಶನದ ಜಾತಿ. ಸದ್ದಿನ ಗುಂಡಿನಲ್ಲಿ 130 ಮಿಲಿಗ್ರಾಂಗಿಂತ ಜಾಸ್ತಿ ಮದ್ದು ಇದ್ದರೆ, ಮೇಲೆ ಹಾರುವ ಶೆಲ್ಲಿನಲ್ಲಿ 40 ಗ್ರಾಂಗಿಂತ ಜಾಸ್ತಿ ಇದ್ದರೆ ಅದು ಈ ಲೆಕ್ಕಕ್ಕೆ. ಪೆಟ್ಟಿಗೆಯ ಮೇಲೆ 1.3ಜಿ ಅಂತ ಇರುತ್ತದೆ. ಅಂಗಡಿ ಪಟಾಕಿಯ ಮೇಲೆ 1.4ಜಿ. ಈ ಒಂದು ಅಂಕಿ ನೋಡಲು ಕಲಿತರೆ ಅರ್ಧ ಗೊಂದಲ ಮುಗಿಯಿತು.

ಈಗ ದೂರ. ಗ್ರೀನ್ ಕಾರ್ಡ್ ಅಥವಾ ಪೌರತ್ವ ಇದ್ದು, ಎಟಿಎಫ್ ಪರವಾನಗಿಯನ್ನೂ ಮಾಡಿಸಿಕೊಳ್ಳುವ ಉತ್ಸಾಹ ಇರುವವರಿಗೆ ಇದು. ಸುಡುಮದ್ದು ಇಡುವ ಕೋಣೆಗೆ ಅಲ್ಲಿ ಮ್ಯಾಗಜಿನ್ ಅನ್ನುತ್ತಾರೆ. ಒಳಗಿರುವ ಮದ್ದು 1,000 ಪೌಂಡ್‌ವರೆಗೆ, ಅಂದರೆ ಸುಮಾರು 450 ಕಿಲೋವರೆಗೆ ಇದ್ದರೆ, ಜನವಸತಿಯ ಕಟ್ಟಡ, ಸಾರ್ವಜನಿಕ ರಸ್ತೆ, ಪ್ರಯಾಣಿಕರ ರೈಲು ಹಳಿ ಇವುಗಳಿಂದ 150 ಅಡಿ. ನಮ್ಮ ಲೆಕ್ಕದಲ್ಲಿ ಮೂರು ತೆಂಗಿನ ಮರ ಉದ್ದಕ್ಕೆ ಮಲಗಿಸಿದಷ್ಟು. 5,000 ಪೌಂಡ್‌ವರೆಗೆ 230 ಅಡಿ, 10,000ದವರೆಗೆ 300 ಅಡಿ. ಇನ್ನೊಂದು ಮ್ಯಾಗಜಿನ್ ಇದ್ದರೆ ಎರಡರ ನಡುವೆ ಕ್ರಮವಾಗಿ 100, 150, 200 ಅಡಿ. ಬರೀ ಸದ್ದಿನ ಗುಂಡುಗಳನ್ನು, ಅಂದರೆ ನಮ್ಮ ಗರ್ನಾಲಿನ ದೊಡ್ಡಣ್ಣಂದಿರನ್ನು, ರಾಶಿಯಾಗಿ ಇಡುವುದಾದರೆ ಈ ಪಟ್ಟಿ ನಡೆಯುವುದಿಲ್ಲ. ಅದಕ್ಕೆ ಬೇರೆಯೇ ಪಟ್ಟಿ ಇದೆ.

ಈ 1,000 ಪೌಂಡ್ ಪೆಟ್ಟಿಗೆಯ ತೂಕ ಅಲ್ಲ. ಕಾಗದ, ರಟ್ಟು, ಮರ ಎಲ್ಲ ಕಳೆದು ಮದ್ದು ಮತ್ತು ಬತ್ತಿಯ ತೂಕ ಮಾತ್ರ. ಇದು ನಮಗೆ ಅನುಕೂಲವೇ. ಆದರೆ ಕೆಳಗಿನ ಮಿತಿ ಅಂತ ಒಂದಿಲ್ಲ. ಒಂದೇ ಪೆಟ್ಟಿಗೆ ಇಟ್ಟರೂ ಹೊರಗಿನ ಮ್ಯಾಗಜಿನ್‌ಗೆ 150 ಅಡಿ ಬೇಕೇ ಬೇಕು.

ಎಲ್ಲಿಂದ ಎಲ್ಲಿಗೆ ಅಳೆಯುವುದು ಎಂಬಲ್ಲೇ ಹೆಚ್ಚಿನವರು ಎಡವುವುದು. ನಮ್ಮ ಊರಿನ ಅಭ್ಯಾಸದಲ್ಲಿ ತಲೆಗೆ ಮೊದಲು ಬರುವುದು ಜಾಗದ ಗಡಿ. ಈ ನಿಯಮಕ್ಕೆ ಗಡಿ ಬೇಕಾಗಿಲ್ಲ. ಅದು ಕೇಳುವುದು ಕಟ್ಟಡ ಎಲ್ಲಿದೆ, ಜನ ಎಲ್ಲಿ ಓಡಾಡುತ್ತಾರೆ ಅಂತ. ಜನವಸತಿಯ ಕಟ್ಟಡ ಅಂದರೆ ಪಕ್ಕದವರ ಮನೆ ಮಾತ್ರ ಅಲ್ಲ, ನಿಮ್ಮ ಸ್ವಂತ ಮನೆಯೂ ಸೇರಿತು. ಚರ್ಚು, ಶಾಲೆ, ಅಂಗಡಿ, ಜನ ಸೇರುವ ಬೇರೆ ಕಟ್ಟಡಗಳೂ ಸೇರಿದವು. ನಮ್ಮವರು ಕಟ್ಟಿದ ದೇವಸ್ಥಾನ ಹತ್ತಿರ ಇದ್ದರೆ ಅದೂ. ರಸ್ತೆ ಅಂದರೆ ಸರ್ಕಾರ ಹಾಕಿದ್ದೇ ಆಗಬೇಕಿಲ್ಲ. ಖಾಸಗಿಯವರು ಮಾಡಿದ ದಾರಿಯಲ್ಲೂ ಊರವರು ದಿನಾ ರಾಜಾರೋಷವಾಗಿ ಓಡಾಡುತ್ತಿದ್ದರೆ ಅದು ರಸ್ತೆಯೇ.

ಇನ್ನೊಂದು ತಾಪತ್ರಯ ಇದೆ. ಇವತ್ತು ಪಕ್ಕದ ಜಾಗ ಖಾಲಿ ಅಂತ ನೀವು ಗಡಿಗೆ ತಾಗಿ ಮ್ಯಾಗಜಿನ್ ಇಟ್ಟಿರಿ. ಮುಂದಿನ ವರ್ಷ ಅಲ್ಲಿ ಯಾರೋ ಮನೆ ಕಟ್ಟಿದರು. ನೀವು ಏನೂ ಮಾಡದೆಯೇ ನಿಮ್ಮ ಮ್ಯಾಗಜಿನ್ ನಿಯಮದ ಹೊರಗೆ ಬಿತ್ತು. ಆ ತಲೆನೋವೇ ಬೇಡ ಅಂದರೆ ನಾಲ್ಕೂ ಕಡೆ 150 ಅಡಿ ನಿಮ್ಮದೇ ಜಾಗ ಇರಬೇಕು. ಅಂದರೆ 300 ಅಡಿಯ ಚೌಕ, ಎರಡು ಎಕರೆಗಿಂತ ಸ್ವಲ್ಪ ಜಾಸ್ತಿ. ಅದರೊಳಗೆ ನಿಮ್ಮ ಮನೆಯೂ ಬರಬಾರದು. ಅಕ್ಕನ ಮಗನ ಮೂರು ಎಕರೆಯಲ್ಲಿ ಮನೆ ಇರುವುದು ಸರಿಯಾಗಿ ನಡುವೆ. ಕೊಟ್ಟಿಗೆ ಇರುವುದು ಮನೆಯಿಂದ ಅರುವತ್ತು ಅಡಿಯಲ್ಲಿ.

ಅಲ್ಲದೆ ಮರದ ಕೊಟ್ಟಿಗೆಯನ್ನು ಮ್ಯಾಗಜಿನ್ ಅಂತ ಯಾರೂ ಒಪ್ಪುವುದಿಲ್ಲ. ಕಲ್ಲು-ಇಟ್ಟಿಗೆಯದ್ದು, ಲೋಹದ್ದು, ಅಥವಾ ಮರಕ್ಕೆ ಲೋಹದ ತಗಡು ಹೊದಿಸಿದ್ದು ಆಗಬೇಕು. ಒಳಗಿನ ಗೋಡೆ, ನೆಲ ಕಿಡಿ ಹಾರಿಸದಂತಿರಬೇಕು. ಬೀಗದ ನಿಯಮ ನೋಡಿದರೆ ನಗು ಬರುತ್ತದೆ, ಅಷ್ಟು ಸೂಕ್ಷ್ಮ. ಎರಡು ಬೀಗ ಹಾಕುವುದಾದರೆ ಬೇರೆ ಬೇರೆ ಚಿಲಕಕ್ಕೆ ಹಾಕಬೇಕು. ಬೀಗದ ಕೊಂಡಿಯ ದಪ್ಪ ಕಡಿಮೆ ಅಂದರೂ ಮುಕ್ಕಾಲು ಇಂಚಿನ ಅರ್ಧ, ಅಂದರೆ ಎಂಟರಲ್ಲಿ ಮೂರು ಇಂಚು. ಗರಗಸ ಒಳಹೋಗದ ಹಾಗೆ ಮೇಲೆ ಕಾಲು ಇಂಚಿನ ಉಕ್ಕಿನ ಮುಚ್ಚಳ. ನಮ್ಮ ತಂಡದ ಮ್ಯಾಗಜಿನ್‌ನಲ್ಲಿ ಒಂದು ಸಲ ಒಂದು ಬೀಗ ತುಕ್ಕು ಹಿಡಿದು ತೆರೆಯುತ್ತಿರಲಿಲ್ಲ ಅಂತ ಯಾರೋ ಕತ್ತರಿಸಿ ತೆಗೆದಿದ್ದರು. "ಇನ್ನೊಂದು ಇದೆಯಲ್ಲ" ಅಂತ ಹೊಸದು ಹಾಕಿರಲಿಲ್ಲ. ತಪಾಸಣೆಗೆ ಬಂದ ಹೆಂಗಸು ಒಳಗಿನ ಮದ್ದು ನೋಡುವ ಮೊದಲೇ ಆ ಖಾಲಿ ಚಿಲಕಕ್ಕೆ ಬೆರಳು ಹಾಕಿ ಅಲ್ಲಾಡಿಸಿದಳು. ಆಮೇಲೆ ಬರೆದದ್ದು ಎರಡು ಪುಟ.

ಸುತ್ತಲೂ 25 ಅಡಿ ಕಸ, ಒಣಹುಲ್ಲು, ಪೊದೆ ಇರಬಾರದು. 50 ಅಡಿಯೊಳಗೆ ಬೀಡಿ, ಸಿಗರೇಟು, ಬೆಂಕಿಕಡ್ಡಿ ಯಾವುದೂ ಇಲ್ಲ. ಏಳು ದಿನಕ್ಕೊಮ್ಮೆಯಾದರೂ ತೆರೆದು ನೋಡಬೇಕು. ಇಡಲು ಶುರು ಮಾಡಿದ ದಿನವೇ ಊರಿನ ಅಗ್ನಿಶಾಮಕದವರಿಗೆ ಬಾಯಿಮಾತಿನಲ್ಲಿ ತಿಳಿಸಬೇಕು, 48 ಗಂಟೆಯೊಳಗೆ ಬರೆದು ಕೊಡಬೇಕು. ಕಳವಾದರೆ ಗೊತ್ತಾದ 24 ಗಂಟೆಯೊಳಗೆ ವರದಿ. ವಾಸದ ಮನೆಯೊಳಗೆ ಇಡುವ ಪ್ರಶ್ನೆಯೇ ಇಲ್ಲ, ಒಂದು ಶೆಲ್ ಆದರೂ.

ಇಷ್ಟೆಲ್ಲ ಕೇಳಿ ಅವನು, "ನಮ್ಮೂರಲ್ಲಿ ಇಷ್ಟು ಕಿರಿಕಿರಿ ಇಲ್ಲಪ್ಪ" ಅಂದ. ಅದು ನನಗೆ ಸರಿ ಕಾಣಲಿಲ್ಲ. ನಮ್ಮಲ್ಲೂ ಕಾನೂನು ಇದೆ. ದೀಪಾವಳಿಯ ತಾತ್ಕಾಲಿಕ ಪಟಾಕಿ ಅಂಗಡಿಗೂ 2008ರ ಸ್ಫೋಟಕ ನಿಯಮದಲ್ಲಿ ಒಂದರಿಂದ ಒಂದಕ್ಕೆ 3 ಮೀಟರ್, ಜನವಸತಿಯಂಥ ಜಾಗಗಳಿಂದ 50 ಮೀಟರ್ ಅಂತ ಬರೆದಿದೆ. 150 ಅಡಿ ಅಂದರೆ 46 ಮೀಟರ್ ಅಲ್ವಾ, ಹೆಚ್ಚು ಕಡಿಮೆ ಅದೇ. 2024ರ ಅಕ್ಟೋಬರ್ 28ರ ರಾತ್ರಿ ನಮ್ಮದೇ ಜಿಲ್ಲೆಯ ನೀಲೇಶ್ವರದ ವೀರರ್ಕಾವು ದೇವಸ್ಥಾನದಲ್ಲಿ ತೆಯ್ಯಂ ನೋಡಲು ಜನ ಸೇರಿದ್ದರು. ಹೊತ್ತಿಸಿದ ಪಟಾಕಿಯ ಕಿಡಿ, ಜನರ ಪಕ್ಕದಲ್ಲೇ ಇದ್ದ ದಾಸ್ತಾನಿನ ಶೆಡ್ಡಿಗೆ ಬಿತ್ತು. ಗಾಯಗೊಂಡವರು 150ಕ್ಕೂ ಜಾಸ್ತಿ. ಹಲವರು ಆಸ್ಪತ್ರೆಯಿಂದ ಮನೆಗೆ ಬರಲೇ ಇಲ್ಲ. ಇದನ್ನು ಹೇಳಿದ ಮೇಲೆ ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ನನ್ನ ಸಲಹೆ ಇಷ್ಟೇ: ಇಡುವುದಕ್ಕೇ ಹೋಗಬೇಡಿ. ಪರವಾನಗಿ ಇರುವ ಪ್ರದರ್ಶನದ ಕಂಪೆನಿಯನ್ನು ಗೊತ್ತು ಮಾಡಿ. ಮದ್ದು ಅವರ ಮ್ಯಾಗಜಿನ್‌ನಲ್ಲೇ ಇರುತ್ತದೆ, ಆ ದಿನ ಅವರ ಗಾಡಿಯಲ್ಲಿ ಬರುತ್ತದೆ, ಸಿಡಿಯದೆ ಉಳಿದದ್ದು ಅವರ ಜೊತೆಗೇ ವಾಪಸ್ ಹೋಗುತ್ತದೆ. ವಿಮೆಯ ಕಾಗದ ಮೊದಲೇ ಕೇಳಿ. ಸ್ಥಳೀಯ ಅನುಮತಿ ಯಾರು ಮಾಡಿಸುವುದು ಎಂದೂ ಬರೆಸಿಕೊಳ್ಳಿ. ಎಚ್-1ಬಿಯವರು ಕುರ್ಚಿ ಹಾಕಿ ಕೂತು ನೋಡಿದರೆ ಸಾಕು, ಪೆಟ್ಟಿಗೆ ಇಳಿಸಲು ಕೈ ಕೊಡಬೇಡಿ.

ಆದರೆ ಹಾರಿಸುವುದಕ್ಕೂ ದೂರ ಬೇಕು. ಅಲ್ಲಿ ಸಾಮಾನ್ಯವಾಗಿ ಹಿಡಿಯುವ ಲೆಕ್ಕ, ಶೆಲ್ಲಿನ ಒಂದೊಂದು ಇಂಚಿಗೆ 70 ಅಡಿ. ಮೂರು ಇಂಚಿನ ಶೆಲ್ ಆದರೆ ಜನರಿಂದ 210 ಅಡಿ, ಸುತ್ತಲೂ. ಮೂರು ಎಕರೆಯ ಚೌಕದ ಒಂದು ಬದಿ ಸುಮಾರು 361 ಅಡಿ. ನಡುವೆ ಮನೆ ಇಲ್ಲದಿದ್ದರೂ ಹಿಡಿಸುವುದಿಲ್ಲ. ಅವನ ಪಕ್ಕದಲ್ಲಿ ಜೋಳದ ದೊಡ್ಡ ಗದ್ದೆ ಇದೆ, ದೀಪಾವಳಿ ಹೊತ್ತಿಗೆ ಕಟಾವು ಮುಗಿದಿರುತ್ತದೆ. ಆ ಗದ್ದೆಯ ಯಜಮಾನ ಮುದುಕನನ್ನು ಕೇಳಲು ಅಕ್ಕನ ಮಗ ಈ ಭಾನುವಾರ ಹೋಗುತ್ತಾನಂತೆ, ತನ್ನ ಹೆಂಡತಿ ಮಾಡಿದ ಹೋಳಿಗೆ ಹಿಡಿದುಕೊಂಡು.